ಗಾಲಿಮನೆಯ ರುಬ್ಬುವ ಕಲ್ಲು

"ತಲೆ ತಗ್ಗಿಸಿ, ಬೆಹೆನ್‌ಜಿ. ಆ ತಗಡು ಕತ್ತಿಯ ಹಾಗಿದೆ."

ಹಾಗೆನ್ನುತ್ತಲೇ, ಆ ಗಾಲಿಮನೆಯನ್ನು ಕಟ್ಟಿಕೊಟ್ಟ ಮೇಸ್ತ್ರಿ ಪ್ರೀತಮ್ ಸಿಂಗ್ ತನ್ನ ಹೆಗಲ ಮೇಲಿನ ಶಾಲು ತೆಗೆದು, ಮಡಿಸಿ, ಹರಿದ ತಗಡಿನ ಅಂಚಿಗೆ ಹೊದಿಸಿದ. ಫೆಬ್ರವರಿಯ ಚಳಿ ಇನ್ನೂ ಬಿಟ್ಟಿರಲಿಲ್ಲ. ವೈಜಯಂತಿ ಬೇಡವೆನ್ನುವಷ್ಟರಲ್ಲಿ ಅವನು ಮುಖ ತಿರುಗಿಸಿ ಚಹಾಕ್ಕೆ ಕೂಗು ಹಾಕಿ ಆಗಿತ್ತು. ಉಪಕಾರ ಮಾಡಿ, ಅದನ್ನು ಯಾರೂ ನೋಡಲಿಲ್ಲವೆಂಬಂತೆ ಇದ್ದುಬಿಡುವ ಜಾತಿಯ ಮನುಷ್ಯ.

ವೈಜಯಂತಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಒಂದು ಮಗ್ಗುಲಿಗೆ ಒರಗಿದ್ದ ಟ್ರೇಲರಿನೊಳಗೆ ನುಸುಳಿದರು.

ಮೂರು ವಾರದ ಹಿಂದೆ ದೆಹಲಿಯ ಹೊರಗಿನ ಸೋಹ್ನಾದ ಇಳಿಜಾರಿನಲ್ಲಿ ಜೀಪಿನ ಕೊಂಡಿಯಿಂದ ಕಳಚಿ ಉರುಳಿದ ಈ ಗಾಲಿಮನೆಯೊಳಗೆ ಚಂದ್ರಮೋಹನನೆಂಬ ಕಾಲೇಜು ಹುಡುಗ ಸತ್ತಿದ್ದ. ಅವನ ಸಾವಿಗೆ ಸೋದರಮಾವ ಜಯಾನಂದನ ಹೆಂಡತಿ ಉಮಾವತಿಯೇ ಕಾರಣವೆಂದು ಮನೆಯವರೆಲ್ಲ ಒಂದೇ ಬಾಯಿಯಲ್ಲಿ ಹೇಳುತ್ತಿದ್ದರು. ಹಾಗೆ ಹೇಳದೆ ಉಳಿದವನು ಆ ಮನೆಯ ಹೋಟೆಲಿನ ಅಡುಗೆಯವ ತುಕ್ರ ಒಬ್ಬನೇ. ಅವನೇ ಹೌಜ್ ಖಾಸಿಗೆ ಬಂದು, "ಆ ಹೆಣ್ಣಿನ ಮಾತನ್ನು ಯಾರಾದರೂ ಒಬ್ಬರು ಕೇಳಿ, ಅಮ್ಮಾ" ಎಂದು ವೈಜಯಂತಿಯ ಬಾಗಿಲು ತಟ್ಟಿದ್ದ. ವರ್ಷಗಟ್ಟಲೆ ಹುಡುಗಿಯರಿಗೆ ಭೌತಶಾಸ್ತ್ರ ಹೇಳಿಕೊಟ್ಟು ನಿವೃತ್ತರಾದ ಮೇಲೆ, ಪೊಲೀಸರು ಬಿಟ್ಟುಬಿಟ್ಟ ಗಂಟುಗಳನ್ನು ಬಿಡಿಸುವುದು ವೈಜಯಂತಿಗೆ ಎರಡನೆಯ ಉದ್ಯೋಗವೇ ಆಗಿಹೋಗಿತ್ತು.

ಈ ದಿನ ಸಂಜೆ ಸೋಹ್ನಾ ಪೊಲೀಸ್ ಠಾಣೆಯ ದರೋಗಾ ಹೋಟೆಲಿಗೆ ಬಂದು ಉಮಾವತಿಯ ಹೇಳಿಕೆ ತೆಗೆದುಕೊಳ್ಳುವವನಿದ್ದ. ತಪ್ಪು ತನ್ನದೆಂದು ಅವಳು ಹೇಳಿದರೆ ಕೇಸು. ಕೇಸು ಮುಗಿಯುವವರೆಗೂ ಕಾಯದೆ ಅವಳನ್ನು ಊರಿಗೆ ಅಟ್ಟಿ, ನಾಲ್ಕು ವರ್ಷದ ಮಗಳನ್ನು ಇಲ್ಲೇ ಇಟ್ಟುಕೊಳ್ಳುವುದೆಂದು ಮನೆಯಲ್ಲಿ ತೀರ್ಮಾನವಾಗಿತ್ತು.

ಒಳಗೆ ಸೀಮೆಎಣ್ಣೆಯ ನಾತ. ಬೆನ್ನು ಮುರಿದ ಎರಡು ಮಡಿಚು ಮಂಚ. ಚಾವಣಿಯ ಕೊಕ್ಕೆಯಲ್ಲಿ ಗಾಜಿಲ್ಲದ ಕಂದೀಲು.

"ಏನೇನು ಹಾಕಿಸಿದ್ದರು, ಸರ್ದಾರ್‌ಜಿ?"

"ಏನು ಹಾಕಿಸಲಿಲ್ಲ ಅಂತ ಕೇಳಿ," ಹೊರಗಿನಿಂದ ಪ್ರೀತಮ್ ಸಿಂಗನ ದನಿ. "ಪ್ರೈಮಸ್ ಒಲೆಗೆ ಕಟ್ಟೆ. ಐಸಿಗೆ ತಗಡಿನ ಪೆಟ್ಟಿಗೆ. ಮುಂದಗಡೆ ಮಂಚದ ಕೆಳಗೆ ನೀರಿನ ಡ್ರಮ್ಮು. ಹಿಂದುಗಡೆ ಮೂಲೆಯಲ್ಲಿ ಸಂಡಾಸು. ಬದರಿ, ಕಾಶ್ಮೀರ ಅಂತ ನಾಲ್ಕು ತಿಂಗಳು ತಿರುಗೋದು, ಹೋದ ಕಡೆಯೆಲ್ಲ ಮದ್ರಾಸಿ ಯಾತ್ರಿಕರಿಗೆ ಇಡ್ಲಿ ಹಾಕೋದು ಅಂತ ಜಯಾನಂದ ಸಾಹೇಬರ ಆಸೆ. ಜನ ಇಂಥ ಗಾಡಿಗೆ ಚಮಚವನ್ನೂ ತೂಗಿ ನೋಡಿ ಹತ್ತಿಸ್ತಾರೆ. ಇವರು ಒಂದು ಬೆಟ್ಟಾನೇ ಹತ್ತಿಸಿದರು!"

ಬೆಟ್ಟವೆಂದರೆ ರುಬ್ಬುವ ಕಲ್ಲು. ಮಂಗಳೂರು ಕಡೆಯ ಹೋಟೆಲಿನವರು ಕೈಲಾಸಕ್ಕೆ ಹೋದರೂ ಕಲ್ಲು ಬಿಟ್ಟು ಹೋಗುವವರಲ್ಲ.

"ಅದಕ್ಕೆ ಜಾಗ ಎಲ್ಲಿ ಮಾಡಿದ್ದಿರಿ?"

"ನಿಮ್ಮ ಮೊಣಕಾಲಿನ ಹತ್ತಿರ ನೋಡಿ. ಗಾಲಿಯ ಅಚ್ಚಿನ ನೆತ್ತಿಯ ಮೇಲೆ. ಉರುಳಿದ ಮೇಲೆ ಅದು ಸಿಕ್ಕಿದ್ದು ಮಾತ್ರ ಹಿಂದುಗಡೆ."

ನೆಲಕ್ಕೆ ಬೋಲ್ಟು ಹಾಕಿ ಕೂರಿಸಿದ ಮರದ ಚೌಕಟ್ಟು ಅಲ್ಲೇ ಇತ್ತು. ಕಲ್ಲು ಅಲುಗಾಡದಂತೆ ಅದರ ಮೇಲೆ ಕಬ್ಬಿಣದ ಪಟ್ಟಿ, ಪಟ್ಟಿಗೊಂದು ಚಿಲಕ. ವೈಜಯಂತಿ ಕನ್ನಡಕ ಏರಿಸಿಕೊಂಡು ಚಿಲಕವನ್ನು ನೋಡಿದರು. ಮುರಿದಿರಲಿಲ್ಲ. ಸೊಟ್ಟಗೂ ಆಗಿರಲಿಲ್ಲ. ಯಾರೋ ಬೆರಳಿನಿಂದ ಎತ್ತಿ ಬಿಡಿಸಿದ ಹಾಗೆ ನೆಟ್ಟಗೆ ನಿಂತಿತ್ತು.

ಎಂದರೆ ಕಲ್ಲು ಉರುಳಿ ಹಿಂದೆ ಹೋದದ್ದಲ್ಲ. ಯಾರೋ ಒಯ್ದು ಹಿಂದೆ ಇಟ್ಟದ್ದು.

ತೆವಳುತ್ತ ಅವರು ಮುಂದಿನ ಮಂಚದ ಕೆಳಗೆ ಕೈಹಾಕಿ ಡ್ರಮ್ಮನ್ನು ತಟ್ಟಿದರು. ಟೊಳ್ಳು ಸದ್ದು. ಎಲ್ಲೂ ಒಡೆದಿಲ್ಲ. ಮುಚ್ಚಳ ಬಿಗಿಯಾಗಿ ತಿರುಗಿಸಿದೆ. ಒಳಗೆ ಒಂದು ಹನಿಯೂ ಇಲ್ಲ. ಉರುಳುವ ಮೊದಲೇ ಅದನ್ನು ಖಾಲಿ ಮಾಡಿದ್ದರು.

"ಸರ್ದಾರ್‌ಜಿ, ಮುಂದೆ ಹಗುರ, ಹಿಂದೆ ಭಾರ ಆದರೆ ಏನಾಗುತ್ತೆ?"

"ನೀವು ಎತ್ತಿನ ಗಾಡಿ ನೋಡಿದ್ದೀರಲ್ಲ? ಹಿಂದೆ ಹೇರು ಹೆಚ್ಚಾದರೆ ನೊಗ ಮೇಲೆದ್ದು ಎತ್ತಿನ ಕೊರಳಿಗೆ ನೇಣಾಗುತ್ತೆ. ಇಲ್ಲೂ ಅದೇ. ಮೂತಿ ಜೀಪಿನ ಮೇಲೆ ಕೂರಬೇಕು. ಕೂರದೆ ಎದ್ದರೆ, ಇಳಿಜಾರಿನಲ್ಲಿ ಬಾಲ ಆಕಡೆ ಈಕಡೆ ಬಡಿದುಕೊಳ್ಳೋಕೆ ಶುರು. ಬ್ರೇಕು ಒತ್ತಿದಷ್ಟೂ ಜಾಸ್ತಿ. ಕೊನೆಗೆ ಕೊಂಡಿ ಕಿತ್ತುಕೊಂಡು ಹೋಗುತ್ತೆ. ಜೀಪು ಉಳಿಯುತ್ತೆ, ಒಳಗಿದ್ದವನು ಉಳಿಯೋಲ್ಲ. ಗಾಡಿ ಒಪ್ಪಿಸುವಾಗ ಇದನ್ನೆಲ್ಲ ಬಾಯಿ ನೋಯುವಷ್ಟು ಹೇಳಿದ್ದೆ."

"ಯಾರಿಗೆ?"

"ಸಾಹೇಬರಿಗೆ, ಅವರ ಅಕ್ಕನಿಗೆ. ಸಾಹೇಬರು ಪೇಂಟಿನ ಬಣ್ಣ ನೋಡ್ತಿದ್ದರು. ಕಿವಿಗೊಟ್ಟು ಕೇಳಿದ್ದು ಆ ಅಕ್ಕನೇ."

"ಹೆಂಡತಿ? ಚಂದ್ರಮೋಹನ?"

"ಹುಡುಗನಿಗೆ ಪರೀಕ್ಷೆಯಂತೆ. ಹೆಂಡತಿಯ ಮುಖ ನಾನು ಇವತ್ತಿಗೂ ನೋಡಿಲ್ಲ."

ವೈಜಯಂತಿ ಹಿಂಬದಿಗೆ ತೆವಳಿದರು. ಸಂಡಾಸಿನ ಹಲಗೆಗೋಡೆಗೆ ಸಾಲಾಗಿ ಮೊಳೆ ಹೊಡೆದಿತ್ತು. ಸೌಟು, ಜಾಲರಿ, ಚೀಲ ನೇತುಹಾಕಲೆಂದು ಪ್ರೀತಮ್ ಸಿಂಗ್ ಮಾಡಿಕೊಟ್ಟ ಅನುಕೂಲ. ಒಂದಕ್ಕೂ ಎಣ್ಣೆಯ ಜಿಡ್ಡಿಲ್ಲ, ತಿಕ್ಕಿದ ಗುರುತಿಲ್ಲ. ಮುಂದಗಡೆಯ ಒಂದೇ ಶೆಲ್ಫಿನಲ್ಲಿ ಮಾತ್ರ ಒಂದರ ಮೇಲೊಂದು ಪಾತ್ರೆ ತುರುಕಿ ಹಲಗೆ ಬಾಗಿತ್ತು. ಉಮಾವತಿ ಒಂದು ಚಮಚವನ್ನೂ ಆ ಗೋಡೆಗೆ ತಾಗಿಸಿರಲಿಲ್ಲ.

ಆ ಗೋಡೆಯ ಕಂಬಕ್ಕೆ ತುಂಡು ಹಗ್ಗವೊಂದು ಇನ್ನೂ ಕಚ್ಚಿಕೊಂಡಿತ್ತು. ಕಲ್ಲನ್ನು ಕಟ್ಟಿದ್ದ ಹಗ್ಗ. ಗಂಟು ನೋಡಿ ಅವರ ಹುಬ್ಬು ಮೇಲೇರಿತು. ಗಂಟು ಬಿಚ್ಚದಂತೆ, ಕಂಬದಿಂದ ಮೆಲ್ಲಗೆ ಜಾರಿಸಿ ತಮ್ಮ ಚೀಲಕ್ಕೆ ಹಾಕಿಕೊಂಡರು.

"ಕಲ್ಲು ಈಗೆಲ್ಲಿದೆ?"

"ಮಾರನೆಯ ದಿನವೇ ಅಕ್ಕ ಟೆಂಪೋ ಕಳಿಸಿ ತರಿಸಿಕೊಂಡರು," ಪ್ರೀತಮ್ ಸಿಂಗ್ ಚಹಾದ ಲೋಟ ಮುಂದೆ ಹಿಡಿದ. "ಹಾಸಿಗೆ ಬೇಡ ಅಂದರು, ಪಾತ್ರೆ ಬೇಡ ಅಂದರು. ಕಲ್ಲೊಂದೇ ಸಾಕು ಅಂದರು."

*

ಮುನಿರ್ಕಾದ ತಿರುವಿನಲ್ಲಿರುವ ದುರ್ಗಾ ವಿಲಾಸದ ಷಟರನ್ನು ಅರ್ಧಕ್ಕೆ ಇಳಿಸಿತ್ತು. ಮಧ್ಯಾಹ್ನದ ಊಟ ಮುಗಿದು ಸಂಜೆಯ ದೋಸೆಗೆ ಇನ್ನೂ ಹೊತ್ತಿತ್ತು. ಬಗ್ಗಿ ಒಳಹೊಕ್ಕ ವೈಜಯಂತಿಗೆ ಮೊದಲು ಕೇಳಿಸಿದ್ದು ಕಲ್ಲಿನ ಸದ್ದು. ಗಡಗಡ, ಗಡಗಡ. ಮಧ್ಯೆ ಒಮ್ಮೊಮ್ಮೆ ನಿಂತು, ಮತ್ತೆ ಗಡಗಡ.

ಅಡುಗೆಮನೆಯ ಬಾಗಿಲಲ್ಲಿ ಉಮಾವತಿ ಕೂತು ರುಬ್ಬುತ್ತಿದ್ದಳು. ಐದು ತಿಂಗಳ ಹೊಟ್ಟೆ ಕಲ್ಲಿಗೆ ಒತ್ತುತ್ತಿತ್ತು. ಅಂಗೈಗೆ ಸುತ್ತಿದ್ದ ಬಟ್ಟೆಯಲ್ಲಿ ನೆತ್ತರ ಕಲೆ. ಕರೆಂಟಿನ ಗ್ರೈಂಡರು ಅಲ್ಲೇ ಮೂಲೆಯಲ್ಲಿ ಗೋಣಿ ಹೊದ್ದು ಸುಮ್ಮನೆ ಕೂತಿತ್ತು.

"ಬನ್ನಿ ಟೀಚರಮ್ಮ, ಬನ್ನಿ," ಗಲ್ಲಾದಿಂದ ಲೋಲಾಕ್ಷಿಯ ಸ್ವಾಗತ. "ಹಳೇ ಕಬ್ಬಿಣ ಹೆಕ್ಕಲಿಕ್ಕೆ ಹೋಗಿದ್ದಿರಂತೆ. ಎಷ್ಟು ಸಿಕ್ಕಿತು? ಪೆನ್ಶನ್ ಸಾಲುವುದಿಲ್ಲವಾ?"

ನರೆತ ಕೂದಲನ್ನು ಬಿಗಿಯಾಗಿ ಗಂಟುಹಾಕಿದ, ಸೊಂಟಕ್ಕೆ ಬೀಗದ ಕೈ ಸಿಕ್ಕಿಸಿದ ಹೆಂಗಸು. ಸತ್ತ ಚಂದ್ರಮೋಹನನ ತಾಯಿ, ಹೋಟೆಲಿನ ಯಜಮಾನ ಜಯಾನಂದನ ಅಕ್ಕ. ಮಡಿಲಲ್ಲಿ ಉಮಾವತಿಯ ಮಗಳು ಸ್ನೇಹಲತಾ ಸೋಂಪುಕಾಳು ಎಣಿಸುತ್ತ ಕೂತಿತ್ತು. ಜಯಾನಂದ ಗೋಡೆಗೆ ಒರಗಿದ ಬೆಂಚಿನ ಮೇಲೆ, ತನ್ನದೇ ಹೋಟೆಲಿಗೆ ಬಂದ ಗಿರಾಕಿಯ ಹಾಗೆ ಮುದುಡಿದ್ದ.

"ಗ್ರೈಂಡರ್ ಕೆಟ್ಟಿದೆಯೇ, ಲೋಲಾಕ್ಷಿಯವರೇ?"

"ಚೆನ್ನಾಗಿ ಉಂಟು. ಇದು ನನ್ನ ಮಗನನ್ನು ತಿಂದ ಕಲ್ಲು. ತಂದವಳ ಕೈಯಲ್ಲೇ ಸವೆಯಲಿ ಅಂತ ಬಿಟ್ಟಿದ್ದೇನೆ. ಏಯ್, ಎಂತ ನಿಲ್ಲಿಸಿದ್ದು? ಮಾತು ಕೇಳಲಿಕ್ಕೆ ನಿನಗೆ ಸಂಬಳ ಉಂಟಾ?"

ಗಡಗಡ ಮತ್ತೆ ಶುರುವಾಯಿತು.

ತುಕ್ರ ಕಾಫಿ ತರುವ ನೆವದಲ್ಲಿ ಆ ದಾರಿಯಾಗಿ ಬಂದ. ಲೋಲಾಕ್ಷಿಯ ಕಣ್ಣು ಆಚೆ ಹೊರಳಿದಾಗ ಕೊಬ್ಬರಿ ಎಣ್ಣೆಯ ಪುಟ್ಟ ಬಟ್ಟಲೊಂದನ್ನು ಉಮಾವತಿಯ ಮೊಣಕಾಲಿನ ಮರೆಯಲ್ಲಿಟ್ಟು, ಏನೂ ಆಗದವನಂತೆ ಹೋದ. ವೈಜಯಂತಿ ನೋಡಿದರು, ನೋಡದಂತಿದ್ದರು.

"ದರೋಗಾ ಬರುವ ಮೊದಲು ಒಂದೆರಡು ಮಾತು ಕೇಳಬೇಕು," ಎಂದರು. "ಉಮಾ, ದೆಹಲಿ ಬಿಡುವಾಗ ಕಲ್ಲು ಎಲ್ಲಿತ್ತಮ್ಮ?"

"ಮಧ್ಯದಲ್ಲಿ. ಚೌಕಟ್ಟಿನಲ್ಲಿ." ತಲೆ ಎತ್ತದೆ ಉತ್ತರ.

"ಗಾಡಿ ಪರೀಕ್ಷಿಸಲೆಂದು ಸೋಹ್ನಾದಲ್ಲಿ ಎರಡು ದಿನ ಇದ್ದಿರಿ. ಹೊರಡುವ ಬೆಳಿಗ್ಗೆ?"

"ದೋಸೆಗೆ ರುಬ್ಬಿದೆ. ತೊಳೆದೆ. ಗುಳಿಯಲ್ಲಿ ನಾಲ್ಕು ಕಾಳು ಅಕ್ಕಿ ಹಾಕಿದೆ. ಖಾಲಿ ಬಿಡಬಾರದಲ್ಲ."

"ಆಮೇಲೆ?"

ಕೈ ನಿಂತಿತು. "ಆಮೇಲೆ ನಾನೇ ಹಿಂದೆ ಇಟ್ಟೆ."

"ಕೇಳಿದಿರಲ್ಲ?" ಲೋಲಾಕ್ಷಿ ಗಲ್ಲಾದ ಮೇಲೆ ಅಂಗೈ ಬಡಿದಳು. "ಅವಳ ಬಾಯಿಂದಲೇ ಬಂತು. ಕಾಫಿ ಕುಡಿದು ಹೊರಡಿ. ಪಿಎಚ್‌ಡಿ ಮಾಡುವ ವಿಷಯ ಅಲ್ಲ ಇದು."

"ಕುಡಿಯುತ್ತೇನೆ. ಹಿಂದೆ ಎಂದರೆ ಎಲ್ಲಿ ಉಮಾ?"

"ಅಲ್ಲೇ… ಗೋಡೆಯ ಹತ್ತಿರ."

"ಸಂಡಾಸಿನ ಗೋಡೆ."

ಉಮಾವತಿ ಮತ್ತೆ ಕಲ್ಲು ತಿರುಗಿಸತೊಡಗಿದಳು.

"ಆ ಗೋಡೆಯ ಮೊಳೆಗೆ ನೀನು ಸೌಟು ಸಿಕ್ಕಿಸಲಿಲ್ಲ. ಚೀಲ ಸಿಕ್ಕಿಸಲಿಲ್ಲ. ಮುಂದಿನ ಶೆಲ್ಫು ಮುರಿಯುವಷ್ಟು ತುಂಬಿದೆ, ಹಿಂದಿನ ಗೋಡೆ ಬೋಳು. ಹಾಗಿರುವಾಗ ಅಕ್ಕಿಕಾಳು ಹಾಕಿ ಕೈಮುಗಿಯುವ ಕಲ್ಲನ್ನು ಒಯ್ದು ಪಾಯಖಾನೆಯ ಕಂಬಕ್ಕೆ ಕಟ್ಟಿದೆಯಾ? ಲೋಲಾಕ್ಷಿಯವರೇ, ನೀವು ಕಟ್ಟುತ್ತಿದ್ದಿರಾ?"

"ನಾನು ಸಂಸ್ಕಾರ ಇರುವ ಮನೆಯಿಂದ ಬಂದವಳು. ಇವಳ ಕಥೆ ನನಗೆ ಗೊತ್ತಿಲ್ಲ." ಲೋಲಾಕ್ಷಿ ತುಟಿ ಕೊಂಕಿಸಿದಳು. "ಇವಳ ಅಪ್ಪನ ಮನೆಯಲ್ಲಿ ಅಡುಗೆಮನೆ ಯಾವುದು, ಹಟ್ಟಿ ಯಾವುದು ಅಂತ ಗೊತ್ತಾಗಬೇಕಾದರೆ ಮೂಗಿನಿಂದ ಹುಡುಕಬೇಕು. ಹೌದಾ ಇಲ್ಲವಾ ಜಯಾ?"

ಜಯಾನಂದ ಚಾವಣಿಯ ಫ್ಯಾನಿನತ್ತ ನೋಡಿದ. ಅವನ ಹೆಂಡತಿಗೆ ಬೈಗುಳ ಬಿದ್ದಾಗಲೆಲ್ಲ ಆ ಫ್ಯಾನಿಗೆ ಏನೋ ಆಗುತ್ತಿತ್ತು.

ವೈಜಯಂತಿ ಚೀಲದಿಂದ ಹಗ್ಗ ತೆಗೆದು ಅಮೃತಶಿಲೆಯ ಮೇಜಿನ ಮೇಲಿಟ್ಟರು. ಗಂಟು ಹಾಗೇ ಇತ್ತು. ಎರಡು ಸುತ್ತು, ಒಂದರ ಕೆಳಗೊಂದು ಅಡ್ಡ ಹಾಯ್ದು, ಅಳತೆ ಹಿಡಿದು ಮಾಡಿದಷ್ಟು ಅಚ್ಚುಕಟ್ಟು.

"ಕಲ್ಲನ್ನು ಕಟ್ಟಿದ್ದು ಇದು. ಉಮಾ, ಬಾ. ಈ ಕುರ್ಚಿಯ ಕಾಲಿಗೆ ಇಂಥದೇ ಒಂದು ಗಂಟು ಹಾಕಿ ತೋರಿಸು."

ಉಮಾವತಿ ಎದ್ದು ಬಂದಳು. ಗಂಟನ್ನು ಕಂಡಿದ್ದೇ ಹಗ್ಗವನ್ನು ಬಾಚಿ ಸೆರಗಿನೊಳಗೆ ಮುಚ್ಚಿಕೊಂಡುಬಿಟ್ಟಳು.

"ಬೇಡ ಟೀಚರಮ್ಮ. ಇದು ಬೇಡ. ನಾನೇ ಕಟ್ಟಿದ್ದು ಅಂತ ಹೇಳಿದೆನಲ್ಲ!"

"ಹಾಗಾದರೆ ಕಟ್ಟಿ ತೋರಿಸು."

ಅವಳು ಕುಳಿತಳು. ಹುಣ್ಣಾದ ಬೆರಳುಗಳಲ್ಲಿ ಹಗ್ಗವನ್ನು ಸುತ್ತಿದಳು, ಎಳೆದಳು. ಅದು ಜಾರಿತು. ಮತ್ತೆ ಸುತ್ತಿದಳು. ಹೂಮಾಲೆಗೆ ಹಾಕುವಂಥ ಗಂಟೊಂದು ಬಿದ್ದು, ಅದೂ ಬಿಚ್ಚಿಕೊಂಡಿತು.

ಬೆಂಚಿನಿಂದ ಜಯಾನಂದನ ದನಿ ಬಂತು. ಅವನು ಯೋಚಿಸಿ ಆಡಿದ ಮಾತಲ್ಲ, ಬಾಯಿತಪ್ಪಿ ಬಂದದ್ದು.

"ಅರೆ, ಇದು ಚಂದ್ರು ಹಾಕುವ ಗಂಟಲ್ಲವಾ? ಎನ್‌ಸಿಸಿ ಕ್ಯಾಂಪಿನಲ್ಲಿ ಕಲಿತು ಬಂದು ಇಡೀ ಹೋಟೆಲಿನ ಕ್ಯಾರಿಯರಿಗೆಲ್ಲ ಅದನ್ನೇ…"

"ಬಾಯಿ ಮುಚ್ಚು!"

ಲೋಲಾಕ್ಷಿ ಕೂಗಿದ ರಭಸಕ್ಕೆ ಮಡಿಲಲ್ಲಿದ್ದ ಮಗು ಬೆಚ್ಚಿ ಸೋಂಪು ಚೆಲ್ಲಿತು.

ವೈಜಯಂತಿಗೆ ತಮ್ಮ ಮೇಲೆಯೇ ಹೇಸಿಗೆ ಬಂತು. ತಾಯಿಯೆದುರು ಮಗನ ಕೈಬರಹದಂಥ ಗಂಟನ್ನು ಇಟ್ಟದ್ದು ಸಣ್ಣ ಕ್ರೌರ್ಯವೇನಲ್ಲ. ಉಮಾವತಿ ಬಚ್ಚಿಡಲು ಹೆಣಗಿದ್ದು ಇದನ್ನೇ. ಹುಡುಗ ತನ್ನ ಸಾವನ್ನು ತಾನೇ ಕಟ್ಟಿ ಬಿಗಿದು, ಅದರ ಪಕ್ಕದಲ್ಲೇ ಮಲಗಿದನೆಂದು ಹೆತ್ತವಳ ಕಿವಿಗೆ ಬೀಳದಿರಲೆಂದು. ತನ್ನನ್ನು ನಾಯಿಗಿಂತ ಕಡೆಯಾಗಿ ಕಾಣುವ ಹೆಂಗಸಿಗಾಗಿ!

ಆದರೆ ನಿಲ್ಲಿಸುವಂತಿರಲಿಲ್ಲ. ಸಂಜೆ ದರೋಗಾ ಬರುತ್ತಾನೆ.

"ಹೌದು, ಕಟ್ಟಿದವನು ಚಂದ್ರಮೋಹನ. ಅವನಿಗೆ ಅಪಾಯ ಗೊತ್ತಿರಲಿಲ್ಲ. ಪ್ರೀತಮ್ ಸಿಂಗ್ ಎಚ್ಚರಿಕೆ ಹೇಳಿದ ದಿನ ಅವನು ಅಲ್ಲಿರಲಿಲ್ಲ. ಉಮಾ ಕೂಡ ಇರಲಿಲ್ಲ. ಇದ್ದವರು ಇಬ್ಬರು, ಈ ಕೋಣೆಯಲ್ಲೇ ಇದ್ದೀರಿ. ಹುಡುಗನಿಗೆ ಹಾಗೆ ಮಾಡು ಎಂದವರು ಯಾರು?"

"ನಾನಲ್ಲ!" ಜಯಾನಂದ ಎದ್ದೇ ನಿಂತ. "ದೇವರಾಣೆ ನಾನು ಬಿಸಿನೀರಿನ ಕುಂಡದಲ್ಲಿ ಸ್ನಾನಕ್ಕೆ ಹೋಗಿದ್ದೆ. ಬರುವಾಗ ಬಾಗಿಲು ಹಾಕಿ ಆಗಿತ್ತು. ಜೀಪು ಹತ್ತಿದೆ, ಬಿಟ್ಟೆ. ಒಳಗೆ ಇಣುಕಿಯೂ ನೋಡಲಿಲ್ಲ."

"ಹೋಗುವಾಗ ಟ್ರೇಲರಿನಲ್ಲಿ ಕೂತವರು ಯಾರು?"

"ಇವಳು. ಪಾತ್ರೆ ಹಿಡಿದುಕೊಳ್ಳಲಿಕ್ಕೆ ಒಬ್ಬರು ಬೇಕಲ್ಲ. ಮಗು ನಮ್ಮ ಜೊತೆ ಮುಂದೆ."

"ಬರುವಾಗಲೂ ಅವಳೇ ಕೂರಬೇಕಿತ್ತು, ಅಲ್ಲವೇ?"

ಜಯಾನಂದನಿಗೆ ಆ ಬೆಳಿಗ್ಗೆ ನೆನಪಾಯಿತು. ಹಿಂದಿರುಗುವಾಗ ಮಗು ವಾಂತಿ ಮಾಡಿಕೊಂಡು ಅಮ್ಮಾ ಅಮ್ಮಾ ಎಂದು ಅತ್ತಿತ್ತು. ಜೀಪಿನಿಂದ ಹಾರಿಳಿದ ಚಂದ್ರಮೋಹನ, "ಅತ್ತೆ, ನೀವು ಮುಂದೆ ಬನ್ನಿ, ನಾನು ಹಿಂದೆ ನಿದ್ದೆ ಹೊಡೀತೇನೆ" ಎಂದು ಜಾಗ ಬದಲಿಸಿದ್ದ. ತಲೆ ಒಡೆಯುವಾಗಲೂ ಅವನಿಗೆ ಎಚ್ಚರವಾಗಿರಲಿಲ್ಲವೆಂದು ಡಾಕ್ಟರು ಹೇಳಿದ್ದು ಒಂದೇ ಸಮಾಧಾನ.

"ಎಂತ ಹೇಳುತ್ತಿದ್ದೀರಿ ನೀವು?" ಲೋಲಾಕ್ಷಿ ಮಗುವನ್ನು ಇಳಿಸಿ ಎದ್ದು ಬಂದಳು. ಕಣ್ಣು ಒಣಗಿತ್ತು. "ನನ್ನ ಮಗ ಸತ್ತ. ಈಗ ತಪ್ಪೂ ಅವನ ತಲೆಗೇ ಕಟ್ಟುತ್ತೀರಿ. ಇವಳಿಗೆ ಒಂದು ಸರ್ಟಿಫಿಕೇಟು ಕೊಡಲಿಕ್ಕೆ! ಮದುವೆಯಾಗುವ ಮೊದಲು ಅಳಿಯಕಟ್ಟು ಪ್ರಕಾರ ಆಸ್ತಿ ಅಕ್ಕನ ಮಗನಿಗೆ, ಎಲ್ಲ ಚಂದ್ರುವಿನದು ಅಂದಿದ್ದ ನನ್ನ ತಮ್ಮ. ನನ್ನ ಬಂಗಾರ ಮಾರಿ ಎಬ್ಬಿಸಿದ ಹೋಟೆಲು. ಇವಳು ಹೊಟ್ಟೆ ಮುಂದೆ ಮಾಡಿಕೊಂಡು ಬಂದ ಮೇಲೆ, ಅಕ್ಕ, ಕಾಲ ಬದಲಾಯಿತು ಅಂದ. ಈ ಗಲ್ಲಾದಲ್ಲಿ ಕೂರಬೇಕಾದವನು ಸುಡುಗಾಡಿಗೆ ಹೋದ. ತಿನ್ನಲಿಕ್ಕೆ ಹುಟ್ಟುವವರು ಹುಟ್ಟುತ್ತಲೇ ಇದ್ದಾರೆ."

"ನನ್ನ ಪ್ರಶ್ನೆಗೆ ಇದು ಉತ್ತರವಲ್ಲ."

"ನಾನು ಇಲ್ಲಿ ಗಲ್ಲಾದಲ್ಲಿ ಕೂತಿದ್ದೆ. ಮುನಿರ್ಕಾದಿಂದ ಸೋಹ್ನಾದವರೆಗೆ ನನ್ನ ಕೈ ಉದ್ದ ಉಂಟಾ, ಟೀಚರಮ್ಮ? ಅಳೆದು ನೋಡಿ."

ಅಷ್ಟರಲ್ಲಿ ಉಮಾವತಿ ನೆಲದ ಮೇಲಿನಿಂದಲೇ, ಯಾರ ಮುಖವನ್ನೂ ನೋಡದೆ, ಸ್ಪಷ್ಟವಾಗಿ ಹೇಳಿದಳು:

"ಕಟ್ಟು ಅಂತ ಅವನಿಗೆ ಹೇಳಿದ್ದು ನಾನು."

ಲೋಲಾಕ್ಷಿ ಅವಳನ್ನೇ ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಮೆಲ್ಲಗೆ ನಕ್ಕಳು.

"ಹಾಗೆ ಹೇಳು. ದರೋಗಾನ ಎದುರಿಗೂ ಹಾಗೇ ಹೇಳು. ಒಳಗೆ ಹೋಗಿ ಮುಖ ತೊಳೆ, ಅಳುಮೋರೆ ನೋಡಿ ಅವನಿಗೆ ಕನಿಕರ ಹುಟ್ಟುವುದು ಬೇಡ."

*

ಹಿತ್ತಲಿನ ನಲ್ಲಿಯ ಹತ್ತಿರ ಉಮಾವತಿ ಕೈಯ ಬಟ್ಟೆ ಬಿಚ್ಚುತ್ತಿದ್ದಳು. ಒಣಗಿದ ಹಿಟ್ಟು, ನೆತ್ತರು ಸೇರಿ ಬಟ್ಟೆ ಚರ್ಮಕ್ಕೆ ಅಂಟಿತ್ತು. ವೈಜಯಂತಿ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ನೀರು ಹನಿಸಿ ಹನಿಸಿ ಅದನ್ನು ಬಿಡಿಸಿದರು.

"ಸುಳ್ಳು ಹೇಳಲು ನಿನಗೆ ಬರುವುದಿಲ್ಲ, ಮಗು. ನಿನ್ನ ಮಗಳನ್ನು ಕಿತ್ತುಕೊಳ್ಳುತ್ತಾರೆ. ಜೈಲಿನಲ್ಲಿ ಹೆರಿಗೆಯಾದೀತು. ಯಾರಿಗೋಸ್ಕರ? ಗಂಡನಿಗೋಸ್ಕರವೇ?"

"ಅವರದು ಏನೂ ತಪ್ಪಿಲ್ಲ. ಅವರಿಗೆ ಏನೂ ಗೊತ್ತೇ ಇಲ್ಲ."

"ಮತ್ತೆ?"

ಉಮಾವತಿ ಬಾಗಿಲಿನತ್ತ ನೋಡಿ, ದನಿ ತಗ್ಗಿಸಿದಳು.

"ನೀವು ಯಾರಿಗೂ ಹೇಳಬಾರದು. ಆಣೆ ಇಡಿ. ಆ ಬೆಳಿಗ್ಗೆ ನಾನು ಕಲ್ಲು ತೊಳೆದು ನಿಂತಿದ್ದೆ. ಚಂದ್ರು ನಗುತ್ತಾ ಬಂದ. 'ಅತ್ತೆ, ಇವತ್ತು ಸೂರ್ಯ ಪಶ್ಚಿಮದಲ್ಲಿ ಹುಟ್ಟಿದ್ದಾನೆ. ಅಮ್ಮನಿಗೆ ನಿಮ್ಮ ಮೇಲೆ ಪ್ರೀತಿ ಬಂದಿದೆ' ಅಂದ. ಏನು ಅಂತ ಕೇಳಿದೆ. ದೆಹಲಿ ಬಿಡುವ ದಿನವೇ ಅತ್ತಿಗೆ ಅವನನ್ನು ಕರೆದು ಹೇಳಿದ್ದರಂತೆ. ಬರುವಾಗ ಕಲ್ಲನ್ನು ಮಧ್ಯದಿಂದ ತೆಗೆದು ಹಿಂದೆ ಕಟ್ಟಿಬಿಡು, ಬಸುರಿ ಹೆಂಗಸು, ಕಾಲು ಚಾಚಿ ಮಲಗಲಿ ಅಂತ."

ವೈಜಯಂತಿಯ ಕೈ ನಿಂತಿತು.

"ನಾನು, ಸಂಡಾಸಿನ ಹತ್ತಿರ ಬೇಡ ಚಂದ್ರು ಅಂದೆ. 'ಅಮ್ಮ ಹೇಳಿದ ಮೇಲೆ ಮುಗಿಯಿತು, ಅವಳ ಮೊದಲನೆ ಉಪಕಾರ, ಬೇಡ ಅನ್ನಬೇಡಿ' ಅಂತ ಅವನೇ ಉರುಳಿಸಿಕೊಂಡು ಹೋಗಿ ಕಟ್ಟಿದ." ಅವಳ ಕಣ್ಣಿನಿಂದ ನೀರು ಒಂದೇ ಸಮನೆ ಇಳಿಯುತ್ತಿತ್ತು. "ಮದುವೆಯಾಗಿ ಆರು ವರ್ಷದಲ್ಲಿ ಅತ್ತಿಗೆ ನನಗೆ ಅಂತ ಮಾಡಿದ್ದು ಅದೊಂದೇ. ಆ ಒಂದು ಒಳ್ಳೆಯತನವೇ ಅವರ ಮಗನನ್ನು ಕೊಂದಿತು ಅಂತ ಅವರಿಗೆ ಗೊತ್ತಾದರೆ ಬದುಕುತ್ತಾರಾ ಟೀಚರಮ್ಮ? ನನಗೆ ಬೈಯಲಿ, ಹೊಡೆಯಲಿ. ಅದನ್ನು ಮಾತ್ರ ನಾನು ಹೇಳಲಾರೆ."

ನಲ್ಲಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ವೈಜಯಂತಿ ಒಂದೇ ಒಂದು ಪ್ರಶ್ನೆ ಕೇಳಿದರು.

"ಮುಂದಿನ ಡ್ರಮ್ಮಿನ ನೀರು? ಅದನ್ನು ಯಾರು ಚೆಲ್ಲಿದ್ದು?"

"ಅದೂ ಅವನೇ. ಅದನ್ನೂ ಅತ್ತಿಗೆಯೇ ಹೇಳಿದ್ದರಂತೆ. ನೀರು ತುಳುಕಿ ನನ್ನ ಹಾಸಿಗೆ ಒದ್ದೆಯಾಗಬಾರದು ಅಂತ."

ಕಲ್ಲು ಹಿಂದಕ್ಕೆ ಹೋದದ್ದು ಕಾಲು ಚಾಚಲೆಂದು ಎನ್ನೋಣ. ಬಿಗಿಯಾದ ಮುಚ್ಚಳದ ಡ್ರಮ್ಮಿನಿಂದ ನೀರು ತುಳುಕುವುದೆಲ್ಲಿಂದ ಬಂತು? ಮೂತಿ ಹಗುರವಾಗಬೇಕು, ಬಾಲ ಭಾರವಾಗಬೇಕು. ಪ್ರೀತಮ್ ಸಿಂಗ್ ಹೀಗಾಗಬಾರದು ಎಂದು ಹೇಳಿಕೊಟ್ಟದ್ದನ್ನೆಲ್ಲ ಒಬ್ಬಳು ಶಿಷ್ಯೆ ಹೀಗಾಗಲಿ ಎಂದು ಒಂದೂ ಬಿಡದೆ ಕಂಠಪಾಠ ಮಾಡಿದ್ದಳು. ತನ್ನ ಕೈ ಸೋಹ್ನಾಕ್ಕೆ ನಿಲುಕದೆಂದು ಮಗನ ಕೈಯನ್ನೇ ಕಳಿಸಿದ್ದಳು. ಮಗನಿಗೆ ತಾಯಿಯ ವಿದ್ಯೆ ಬರಲಿಲ್ಲ. ಅವನು ಬರಿಯ ಒಳ್ಳೆಯವನಾಗಿದ್ದ. ಮಗು ಅತ್ತಿತೆಂದು ಅತ್ತೆಗೆ ಜಾಗ ಬಿಟ್ಟುಕೊಟ್ಟ.

ಈ ಮೂರು ವಾರ ಕಲ್ಲಿನ ಸದ್ದು ಕೇಳುತ್ತ ಗಲ್ಲಾದಲ್ಲಿ ಕೂತ ಹೆಂಗಸಿನ ಎದೆಯೊಳಗೆ ಏನಿದ್ದಿರಬಹುದೆಂದು ಊಹಿಸಲು ವೈಜಯಂತಿಗೆ ಧೈರ್ಯ ಬರಲಿಲ್ಲ. ಸಾಕ್ಷಿಯೆಂದರೆ ಸತ್ತವನೊಬ್ಬ ಆಡಿದ ಮಾತು. ಅದನ್ನು ಕೇಳಿಸಿಕೊಂಡವಳು ಇಡೀ ಲೋಕದಲ್ಲಿ ಈ ಹುಡುಗಿ ಒಬ್ಬಳೇ.

"ಉಮಾ," ಅವರು ಅವಳ ಎರಡೂ ಮಣಿಕಟ್ಟು ಹಿಡಿದುಕೊಂಡರು. "ಈಗ ನಾನು ಹೇಳುವುದನ್ನು ಗಟ್ಟಿ ಮನಸ್ಸು ಮಾಡಿ ಕೇಳು. ಅದು ಉಪಕಾರ…"

"ಉಮಾ."

ಇಬ್ಬರೂ ತಿರುಗಿ ನೋಡಿದರು. ಬಾಗಿಲಲ್ಲಿ ಲೋಲಾಕ್ಷಿ ನಿಂತಿದ್ದಳು. ಯಾವಾಗಿನಿಂದ ನಿಂತಿದ್ದಳೋ. ಮುಖದಲ್ಲಿ ಕೋಪವಿಲ್ಲ, ವ್ಯಂಗ್ಯವಿಲ್ಲ. ಏಯ್ ಎಂಬುದರ ಹೊರತು ಬೇರೆ ಹೆಸರು ಹಿಡಿದು ಅವಳು ಇದುವರೆಗೆ ಈ ಹುಡುಗಿಯನ್ನು ಕರೆದವಳಲ್ಲ.

"ಬಾ ಮಗಾ. ಬೆಳಿಗ್ಗೆಯಿಂದ ಏನೂ ತಿಂದಿಲ್ಲ ನೀನು. ದರೋಗಾ ಬರುವುದರೊಳಗೆ ನಾಲ್ಕು ತುತ್ತು ಉಣ್ಣು. ಎರಡು ಜೀವ ಅಲ್ಲವಾ?"

ಅಷ್ಟು ಅತ್ತ ಉಮಾವತಿಯ ಕಣ್ಣುಗಳಲ್ಲಿ ಬೆಳಕು ಬಂದಿತ್ತು. ಹಿಡಿದಿದ್ದ ಕೈಗಳಿಂದ ಮೆಲ್ಲಗೆ ಬಿಡಿಸಿಕೊಂಡು, "ನೋಡಿದಿರಾ? ನಾನು ಹೇಳಲಿಲ್ಲವಾ?" ಎಂದು ಪಿಸುಗುಟ್ಟಿ ಎದ್ದೇಬಿಟ್ಟಳು.

"ಉಮಾ, ನಿಲ್ಲು…"

"ನಿಮಗೂ ಬಡಿಸುತ್ತೇನೆ ಟೀಚರಮ್ಮ, ಬನ್ನಿ," ಎಂದಳು ಲೋಲಾಕ್ಷಿ. "ಬಿಸಿ ಗಂಜಿ, ತುಪ್ಪ. ಬೆಳಿಗ್ಗೆಯಿಂದ ತುಂಬಾ ಕೆಲಸ ಮಾಡಿದ್ದೀರಿ."

ಅಡುಗೆಮನೆಯಲ್ಲಿ ಮಣೆ ಹಾಕಿತ್ತು. ತುಕ್ರ ಇರಲಿಲ್ಲ. ಅವನನ್ನು ಹಾಲು ತರಲು ಕಳಿಸಿದ್ದೇನೆಂದು ಲೋಲಾಕ್ಷಿ ಯಾರೂ ಕೇಳದೆಯೇ ಹೇಳಿದಳು. ಸ್ಟೀಲಿನ ಬಟ್ಟಲಿನಲ್ಲಿ ಗಂಜಿ ಹೊಗೆಯಾಡುತ್ತಿತ್ತು. ಅದರ ನಡುವೆ ತುಪ್ಪ ಹರಡಿ ಹೊಳೆಯುತ್ತಿತ್ತು. ಉಮಾವತಿ ಹಬ್ಬಕ್ಕೆ ಕೂತವಳಂತೆ ಸೆರಗು ಹೊದ್ದು ಕೂತಳು.

ಎಲ್ಲಿಂದಲೋ ಓಡಿ ಬಂದ ಸ್ನೇಹಲತಾ ಅಮ್ಮನ ತೊಡೆಗೆ ಒರಗಿ, "ಮುಝೇ ಭೀ!" ಎಂದು ಬಟ್ಟಲಿಗೆ ಕೈ ಚಾಚಿತು.

ಆ ಪುಟ್ಟ ಕೈ ತುಪ್ಪ ಮುಟ್ಟುವ ಮೊದಲೇ ಲೋಲಾಕ್ಷಿ ಅದನ್ನು ಹಿಡಿದಳು. ಎಷ್ಟು ಬಿಗಿಯಾಗಿ ಹಿಡಿದಳೆಂದರೆ ಮಗು ಚೀರಿತು.

"ನಿನಗಲ್ಲ ಕಂದಾ," ಎಂದಳು. "ಇದು ಅಮ್ಮನಿಗೆ ಮಾತ್ರ."

ಉಮಾವತಿಯ ಮೊದಲ ತುತ್ತು ತುಟಿಯ ಹತ್ತಿರ ಬಂದಿತ್ತು.